ಟೊಮೆಟೊ ಎಲ್ಲಿಡಬೇಕು? ಬುಟ್ಟಿ, ಮಡಕೆ, ಫ್ರಿಜ್, ಫ್ರೀಜರ್: ಯಾರ ಮನೆಗೆ ಯಾವುದು

ಮೂರು ಕೆಜಿ 50 ರೂಪಾಯಿಗೆ ಸಿಕ್ಕಿತೆಂದು ಸಂತೆಯಿಂದ ಚೀಲ ತುಂಬಿ ತಂದವರು ಮನೆಗೆ ಬಂದು ಚೀಲ ಸುರಿದ ಮೇಲೆ ಕೇಳುವ ಪ್ರಶ್ನೆ ಒಂದೇ: ಇಷ್ಟನ್ನೂ ಎಲ್ಲಿಡುವುದು? ಬೆಲೆ ಏರಿದಾಗಲೂ ಅದೇ ಪ್ರಶ್ನೆ, ಕಳವಳ ಮಾತ್ರ ಹೆಚ್ಚು. 2023ರ ಜುಲೈಯಲ್ಲಿ ಕೆಜಿಗೆ 100 ರೂಪಾಯಿ ದಾಟಿದ್ದಾಗ ನಮ್ಮ ಬೀದಿಯಲ್ಲಿ ಅರ್ಧ ಕೆಜಿ ತಂದು ಎಣಿಸಿಟ್ಟುಕೊಂಡವರಿದ್ದರು. ಅದರಲ್ಲೊಂದು ಕೊಳೆತರೂ ಹೊಟ್ಟೆ ಉರಿಯುತ್ತಿತ್ತು.

ಫ್ರಿಜ್‌ನಲ್ಲಿ ಇಡಲೇಬೇಕು ಎನ್ನುವವರಿದ್ದಾರೆ, ಇಡಲೇಬಾರದು ಎನ್ನುವವರೂ ಇದ್ದಾರೆ. ನನ್ನ ತವರು ಮೂಡಿಗೆರೆ ಕಡೆಯ ಹಳ್ಳಿ. ಮದುವೆಯಾಗಿ ಬಂದದ್ದು ಹಾಸನಕ್ಕೆ. ತಂಗಿಯನ್ನು ಕೊಟ್ಟಿರುವುದು ಅರಸೀಕೆರೆಗೆ. ಈ ಮೂರು ಅಡುಗೆಮನೆಗಳಲ್ಲಿ ಕೈಯಾಡಿಸಿದ ನನಗೆ ಮನವರಿಕೆಯಾಗಿರುವುದು ಇಷ್ಟು: ಒಬ್ಬರ ಮನೆಗೆ ಸರಿಯಾದ ಉತ್ತರ ಇನ್ನೊಬ್ಬರ ಮನೆಯಲ್ಲಿ ತಪ್ಪಾಗುತ್ತದೆ. ಆಷಾಢದಲ್ಲಿ ಡಬ್ಬದೊಳಗಿನ ಉಪ್ಪು ನೀರಾಗುವ ಮೂಡಿಗೆರೆಗೂ, ಏಪ್ರಿಲ್‌ನಲ್ಲಿ ಹಿಂಡಿ ಹರವಿದ ಬಟ್ಟೆ ನೋಡನೋಡುತ್ತಿದ್ದಂತೆ ಗರಿಗರಿಯಾಗುವ ಅರಸೀಕೆರೆಗೂ ಒಂದೇ ಸೂತ್ರ ಹೇಳಲಾಗದು. ಆದ್ದರಿಂದ ಮೊದಲು ಕೈಯಲ್ಲಿರುವ ಹಣ್ಣನ್ನು ನೋಡೋಣ, ಆಮೇಲೆ ಮನೆಯನ್ನು. ಜಾಗದ ಆಯ್ಕೆ ಆಮೇಲಿನದು.

ಯಾವ ಅಳತೆಗೋಲಿನಿಂದ ಅಳೆಯುವುದು

ನಾನು ಐದು ಸಂಗತಿ ನೋಡುತ್ತೇನೆ. ರುಚಿ ಮತ್ತು ಪರಿಮಳ ಉಳಿಯುತ್ತದೆಯೇ, ಎಷ್ಟು ದಿನ ಬರುತ್ತದೆ, ಎಷ್ಟು ಖರ್ಚು, ಎಷ್ಟು ಶ್ರಮ, ಕರೆಂಟ್ ಹೋದರೆ ಗತಿಯೇನು. ಈ ಐದರಲ್ಲೂ ಗೆಲ್ಲುವ ವಿಧಾನ ಯಾವುದೂ ಇಲ್ಲ. ದಿನ ಹೆಚ್ಚಿಸಿಕೊಂಡರೆ ಪರಿಮಳ ಸ್ವಲ್ಪ ಬಿಟ್ಟುಕೊಡಬೇಕು. ಪರಿಮಳವೇ ಬೇಕೆಂದರೆ ಕಡಿಮೆ ತಂದು ಬೇಗ ಮುಗಿಸಬೇಕು. ನಿಮ್ಮ ಮನೆಯಲ್ಲಿ ಟೊಮೆಟೊ ಹಸಿಯಾಗಿ ಕೋಸಂಬರಿಗೆ ಹೋಗುತ್ತದೆಯೋ, ಕುದಿಯುವ ಸಾರಿಗೆ ಹೋಗುತ್ತದೆಯೋ ಎನ್ನುವುದರ ಮೇಲೆ ಈ ಲೆಕ್ಕವೆಲ್ಲ ಬದಲಾಗುತ್ತದೆ.

ಹಣ್ಣಿನ ವಿಷಯದಲ್ಲಿ ಎರಡು ಮಾತು ತಿಳಿದಿರಬೇಕು. ಬಾಳೆ, ಮಾವು, ಸಪೋಟದ ಹಾಗೆ ಟೊಮೆಟೊ ಕೂಡ ಕಿತ್ತ ಮೇಲೂ ಹಣ್ಣಾಗುತ್ತದೆ. ತನ್ನೊಳಗಿನಿಂದಲೇ ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದೇ ಅನಿಲ ಅದನ್ನೂ ಪಕ್ಕದ ಕಾಯನ್ನೂ ಮಾಗಿಸುತ್ತದೆ. ಮಾಗಲು ಹಿತವಾದ ಉಷ್ಣತೆ 18ರಿಂದ 21 ಡಿಗ್ರಿ ಸೆಲ್ಸಿಯಸ್. 30 ಡಿಗ್ರಿ ದಾಟಿದರೆ ಕೆಂಪು ಕೊಡುವ ಲೈಕೋಪೀನ್ ತಯಾರಾಗುವುದು ಕುಂಠಿತವಾಗಿ ಹಳದಿ ಬಣ್ಣವೇ ಮೇಲಾಗುತ್ತದೆ. "ಅಕ್ಕ, ಹಣ್ಣು ಮೆತ್ತಗಾಯಿತು, ಕೆಂಪಾಗಲೇ ಇಲ್ಲ" ಎಂದು ತಂಗಿ ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದುದಕ್ಕೆ ಕಾರಣ ಇದೇ. ಇನ್ನೊಂದು ತುದಿಯಲ್ಲಿ, 10–12 ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟ ಕಾಯಿಗೆ ಶೀತದ ಪೆಟ್ಟು ಬೀಳುತ್ತದೆ. ಆಮೇಲೆ ಹೊರಗೆ ತಂದರೂ ಅದು ಸರಿಯಾಗಿ ಬಣ್ಣ ತಿರುಗುವುದಿಲ್ಲ, ಒಳಗೆ ಹಿಟ್ಟುಹಿಟ್ಟಾಗುತ್ತದೆ, ಮೈಮೇಲೆ ಗುಳಿ ಬಿದ್ದು ಕೊಳೆ ಹತ್ತುತ್ತದೆ.

ಎರಡನೆಯದು ತೊಟ್ಟಿನ ಗುಳಿ. ಒಂದು ಟೊಮೆಟೊವನ್ನು ಕೈಯಲ್ಲಿ ಹಿಡಿದು ತೊಟ್ಟು ಕಳಚಿದ ಜಾಗವನ್ನು ಬೆಳಕಿಗೆ ಒಡ್ಡಿ ನೋಡಿ. ಸುತ್ತಲ ಸಿಪ್ಪೆ ಮೇಣ ಹಚ್ಚಿದಂತೆ ನುಣುಪು, ನಡುವೆ ಮಾತ್ರ ಒಣಗಿದ ಗಾಯದಂಥ ಒರಟು ಕಲೆ. ಎಲೆಗಳಲ್ಲಿರುವಂಥ ಉಸಿರಾಟದ ರಂಧ್ರಗಳು ಟೊಮೆಟೊ ಸಿಪ್ಪೆಯಲ್ಲಿಲ್ಲ. ಒಳಗಿನ ನೀರು ಆವಿಯಾಗುವುದೂ ಹೊರಗಿನ ಗಾಳಿ ಒಳಹೋಗುವುದೂ ಹೆಚ್ಚಾಗಿ ಈ ಕಲೆಯ ಮೂಲಕವೇ. ಬೂಷ್ಟು ಮೊದಲು ಕಾಣಿಸಿಕೊಳ್ಳುವುದೂ ಇಲ್ಲೇ. ಹಣ್ಣನ್ನು ತಲೆಕೆಳಗಾಗಿ, ಅಂದರೆ ತೊಟ್ಟಿನ ಕಡೆ ಕೆಳಗಾಗುವಂತೆ, ಒಣ ತಟ್ಟೆಯ ಮೇಲೆ ಕೂರಿಸಿದರೆ ಈ ಬಾಗಿಲು ಮುಚ್ಚಿದಂತಾಗುತ್ತದೆ. ಕಾಸು ಖರ್ಚಿಲ್ಲದ ಉಪಾಯ, ಯಾವ ಮನೆಗೂ ಸಲ್ಲುತ್ತದೆ. ತೊಟ್ಟು ಇನ್ನೂ ಅಂಟಿಕೊಂಡಿದ್ದರೆ ಕೀಳಬೇಡಿ, ಹಾಗೇ ಮೇಲ್ಮುಖವಾಗಿ ಇಡಿ. ಇಲ್ಲವಾದರೆ ಅದರ ಚೂಪು ಪಕ್ಕದ ಹಣ್ಣನ್ನು ಚುಚ್ಚುತ್ತದೆ.

ತಳಿಯದೂ ಪಾತ್ರವಿದೆ. ನಾಟಿ ಟೊಮೆಟೊ ತೆಳು ಸಿಪ್ಪೆಯದು, ರಸ ಹೆಚ್ಚು, ಹುಳಿ ಮುಂದು; ಸಾರಿಗೆ ಅದಕ್ಕೆ ಸಾಟಿ ಇಲ್ಲ, ಆದರೆ ಪೂರ್ತಿ ಹಣ್ಣಾದ ಮೇಲೆ ಮೂರು ನಾಲ್ಕು ದಿನಕ್ಕೆ ಸೋಲುತ್ತದೆ. ಹೈಬ್ರಿಡ್ ಹಣ್ಣಿನ ತಿರುಳು ದಪ್ಪ, ಅದೇ ಜಾಗದಲ್ಲಿ ವಾರ ದಾಟುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆಮುಟುರು, ಸೊರಗು, ಅಂಗಮಾರಿ ಮೂರೂ ರೋಗಗಳನ್ನು ತಡೆದುಕೊಳ್ಳುತ್ತದೆ ಎಂದೇ ಹೆಸರಾದ ತಳಿ. ಹಣ್ಣು ಗಟ್ಟಿಯಾದ್ದರಿಂದ ದೂರ ಸಾಗಿಸಲೂ ಇಟ್ಟುಕೊಳ್ಳಲೂ ಬರುತ್ತದೆ. ಅಂಗಡಿಯಲ್ಲಿ ತಳಿಯ ಹೆಸರು ಯಾರೂ ಹೇಳುವುದಿಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿ ಗಟ್ಟಿ ನೋಡಿಕೊಳ್ಳುವುದೇ ದಾರಿ.

ತೆರೆದ ಬುಟ್ಟಿ

ಹಾಸನ ಸಮುದ್ರಮಟ್ಟದಿಂದ 950 ಮೀಟರಿಗೂ ಎತ್ತರದಲ್ಲಿದೆ, ಚಿಕ್ಕಮಗಳೂರು 1000 ಮೀಟರಿಗೂ ಮೇಲೆ. ಈ ಎತ್ತರ ನಮಗೆ ಸಿಕ್ಕ ವರ. ನಮ್ಮ ಉಗ್ರಾಣದ ಗೋಡೆಯಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿದ್ದೇನೆ; ಮಾರ್ಚ್ ನಡುವಿನಿಂದ ಮೇ ವರೆಗಿನ ಬಿಸಿಲು ಬಿಟ್ಟರೆ ಅದು 20ರಿಂದ 26ರ ನಡುವೆಯೇ ಆಡುತ್ತದೆ. ಟೊಮೆಟೊ ಬಯಸುವ ಹವೆಗೆ ಇದು ಬಹಳ ಹತ್ತಿರ. ಕರಾವಳಿಯವರು ಬರೆದ ಸಲಹೆಯನ್ನು ಓದಿ ಎಲ್ಲವನ್ನೂ ಫ್ರಿಜ್‌ಗೆ ತುರುಕುವ ಮೊದಲು ನಮ್ಮೂರಿನ ಈ ಅನುಕೂಲವನ್ನು ನೆನೆಯಬೇಕು.

ಅಗಲವಾದ ಬಿದಿರು ಬುಟ್ಟಿಯೋ ಮೊರವೋ ಸಾಕು. ಹಣ್ಣು ಒಂದೇ ಪದರದಲ್ಲಿರಬೇಕು, ಹೆಚ್ಚೆಂದರೆ ಎರಡು. ಒಲೆಯಿಂದ ದೂರ, ಕಿಟಕಿಯ ಬಿಸಿಲಿನಿಂದಲೂ ದೂರ. ಹಣ್ಣಾಗಲಿ ಎಂದು ಕಿಟಕಿಯಲ್ಲಿ ಸಾಲಾಗಿ ಜೋಡಿಸುವ ರೂಢಿ ಹಲವರಿಗಿದೆ. ಮಾಗುವುದಕ್ಕೆ ಬೆಳಕು ಬೇಕಾಗಿಲ್ಲ. ಬಿಸಿಲು ಬಿದ್ದ ಮಗ್ಗುಲು ಮಾತ್ರ ಬೆಂದಂತಾಗುತ್ತದೆ, ಅಷ್ಟೇ. ದಿನಕ್ಕೊಮ್ಮೆ ಕೈಯಾಡಿಸಿ, ಮೆತ್ತಗಾದದ್ದನ್ನು ಅಂದೇ ಅಡುಗೆಗೆ ತೆಗೆಯಬೇಕು. ಈ ಒಂದು ನಿಮಿಷದ ಶ್ರಮ ತಪ್ಪಿಸಿದರೆ ಬುಟ್ಟಿಯ ಲಾಭವೆಲ್ಲ ಹೋಯಿತು. ಒಂದರ ರಸ ಸೋರಿ ನಾಲ್ಕಕ್ಕೆ ಹತ್ತುತ್ತದೆ.

ಹೋದ ಆಗಸ್ಟ್‌ನಲ್ಲಿ ಒಂದೇ ರಾಶಿಯಿಂದ ಎರಡು ಕೆಜಿ ಆರಿಸಿ ತಂದು ಐದೈದು ಹಣ್ಣಿನಂತೆ ನಾಲ್ಕು ಪಾಲು ಮಾಡಿದ್ದೆ. ಒಂದು ಪಾಲು ಬುಟ್ಟಿಯಲ್ಲಿ ತೊಟ್ಟಿನ ಗುಳಿ ಮೇಲೆ, ಇನ್ನೊಂದು ಗುಳಿ ಕೆಳಗೆ, ಮೂರನೆಯದು ತಂದ ಪ್ಲಾಸ್ಟಿಕ್ ಕವರಿನಲ್ಲೇ ಗಂಟು ಹಾಕಿ, ನಾಲ್ಕನೆಯದು ಫ್ರಿಜ್‌ನಲ್ಲಿ. ನಾಲ್ಕನೆಯ ದಿನ ಕವರಿನ ಒಳಮೈಯಲ್ಲಿ ಬೆವರು ಕಟ್ಟಿತ್ತು. ಗಂಟು ಬಿಚ್ಚಿದರೆ ಹುಳಿತ ವಾಸನೆ, ಎರಡು ಹಣ್ಣಿನ ಗುಳಿಯಲ್ಲಿ ಹತ್ತಿಯಂಥ ಬೂದು ಬೂಷ್ಟು. ಎಂಟನೆಯ ದಿನಕ್ಕೆ ಗುಳಿ ಮೇಲಿಟ್ಟ ಐದರಲ್ಲಿ ಮೂರು ಸುಕ್ಕಾಗಿದ್ದವು, ಒಂದಕ್ಕೆ ಬೂಷ್ಟು. ಗುಳಿ ಕೆಳಗಿಟ್ಟ ಐದೂ ಗಟ್ಟಿಯಾಗಿದ್ದವು, ಒಂದರ ಸಿಪ್ಪೆ ಮಾತ್ರ ತುಸು ಸಡಿಲ. ಇದು ಒಂದು ಮನೆಯ ಒಂದು ವಾರದ ಅನುಭವ. ಆದರೂ ಅಂದಿನಿಂದ ನಮ್ಮ ಮನೆಗೆ ಪ್ಲಾಸ್ಟಿಕ್ ಕವರಿನಲ್ಲಿ ಬಂದ ಟೊಮೆಟೊ ಬಾಗಿಲಲ್ಲೇ ಹೊರಗೆ ಬರುತ್ತದೆ.

ಬುಟ್ಟಿ ಸೋಲುವ ಕಾಲ ಎರಡು. ಅರಸೀಕೆರೆ, ಕಡೂರು ಕಡೆಯ ಕಡುಬೇಸಿಗೆ ಒಂದು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಜಡಿಮಳೆ ಇನ್ನೊಂದು. ಮಳೆಗಾಲದಲ್ಲಿ ತಂಪೇನೋ ಇರುತ್ತದೆ, ಆದರೆ ಗಾಳಿಯೇ ಒದ್ದೆ. ಅಮ್ಮ ಮಳೆಗಾಲದಲ್ಲಿ ಬುಟ್ಟಿಯನ್ನು ಒಲೆಯ ಕೋಣೆಯ ಎದುರು ಗೋಡೆಯ ನಾಗಂದಿಗೆಗೆ ಏರಿಸುತ್ತಾರೆ. ಸೌದೆ ಒಲೆಯ ಬೆಚ್ಚಗಿನ ಒಣ ಗಾಳಿ ತಗಲುವಷ್ಟು ಹತ್ತಿರ, ಕಾವು ತಗಲದಷ್ಟು ದೂರ. ಗ್ಯಾಸ್ ಒಲೆಯ ಮನೆಯಲ್ಲಿ ಈ ಸವಲತ್ತಿಲ್ಲ. ಅಲ್ಲಿ ಜುಲೈ–ಆಗಸ್ಟ್‌ನಲ್ಲಿ ಮೂರು ದಿನಕ್ಕಾಗುವಷ್ಟು ಮಾತ್ರ ಬುಟ್ಟಿಗೆ ಹಾಕುವುದು ಒಳ್ಳೆಯದು.

ಕಾಯಿ ಮತ್ತು ದೋರೆಗಾಯಿಗೆ ಬೇರೆ ದಾರಿ

ಹಸಿರು ಕಾಯಿ ಎಷ್ಟೇ ಇರಲಿ, ಫ್ರಿಜ್‌ನಲ್ಲಿಡಬೇಡಿ. ಈ ಮಾತಿನಲ್ಲಿ ನನಗೆ ರಿಯಾಯಿತಿ ಇಲ್ಲ. ಬೇಗ ಹಣ್ಣಾಗಬೇಕಿದ್ದರೆ ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಹಾಕಿ ಬಾಯಿ ಮಡಚಿಡಿ. ಬಾಳೆಯ ಎಥಿಲೀನ್ ಸೇರಿ ಕೆಲಸ ಬೇಗ ಆಗುತ್ತದೆ. ಮಲೆನಾಡಿನ ಮನೆಗಳಲ್ಲಿ ಗೊನೆ ಸದಾ ತೂಗುತ್ತಿರುತ್ತದೆ. ಅದರ ಕೆಳಗೆ ಬುಟ್ಟಿಯಿಟ್ಟರೂ ಆಯಿತು. ನಿಧಾನವಾಗಬೇಕಿದ್ದರೆ ಗೊನೆಯಿಂದ ದೂರವಿಡಿ, ಒಂದೊಂದನ್ನೇ ಕಾಗದದಲ್ಲಿ ಸುತ್ತಿ ಭತ್ತದ ಒಣ ಹುಲ್ಲಿನ ಮೇಲೆ ಕತ್ತಲ ಮೂಲೆಯಲ್ಲಿಡಿ. ಸುತ್ತಲು ಹಳೆಯ ಸುದ್ದಿಪತ್ರಿಕೆ ಬೇಡ. ಶಾಯಿಯ ಕಾರಣಕ್ಕೆ ಅದನ್ನು ಆಹಾರಕ್ಕೆ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿದೆ. ಖಾಲಿ ಕಂದು ಕಾಗದ ಸಾಕು.

ಹಿತ್ತಲಲ್ಲಿ ಬೆಳೆದವರಿಗೆ ಇನ್ನೊಂದು ಅನುಕೂಲವಿದೆ. ಹಸಿರು ಮಾಸಿ ತಳದಲ್ಲಿ ನಸುಗೆಂಪು ತೋರಿದೊಡನೆ ಕಿತ್ತು ಒಳಗೆ ಮಾಗಿಸಿದರೆ ರುಚಿಗೆ ಕುಂದಿಲ್ಲ, ಮಳೆಗೆ ಸಿಕ್ಕು ಬಿರಿಯುವ ಭಯವೂ ಇಲ್ಲ. ಮುಂಗಾರು ಗಟ್ಟಿಯಾಗಿ ಹಿಡಿಯುವ ಹೊತ್ತಿಗೆ ಗಿಡದಲ್ಲಿ ಕಾಯಿ ಉಳಿದಿದ್ದರೆ ಗಿಡವನ್ನೇ ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಕೊಟ್ಟಿಗೆಯ ಜಂತಿಗೆ ತಲೆಕೆಳಗಾಗಿ ಕಟ್ಟಬಹುದು. ಒಂದೊಂದಾಗಿ ಹಣ್ಣಾಗುತ್ತಾ ಬರುತ್ತದೆ. ಎಳೆಯ ಕಾಯಿ ಮಾತ್ರ ಎಲ್ಲಿಟ್ಟರೂ ಹಣ್ಣಾಗದು. ಅದನ್ನು ಹಸಿಮೆಣಸಿನಕಾಯಿಯೊಂದಿಗೆ ಬಾಡಿಸಿ ಚಟ್ನಿ ಅರೆದರೆ ಅಕ್ಕಿರೊಟ್ಟಿಗೆ ಬಹಳ ಚೆನ್ನ.

ಎಥಿಲೀನ್ ಸೊಪ್ಪಿಗೆ ಶತ್ರು. ಟೊಮೆಟೊ ಬುಟ್ಟಿಯ ಪಕ್ಕ ಕೊತ್ತಂಬರಿ, ಮೆಂತ್ಯ, ಸೌತೆಕಾಯಿ ಇಟ್ಟರೆ ಅವು ಬೇಗ ಹಳದಿಯಾಗುತ್ತವೆ. ಸೊಪ್ಪು ನಿಲ್ಲುವುದಿಲ್ಲ ಎಂದು ಗೊಣಗುವವರು ಒಮ್ಮೆ ಅದರ ನೆರೆಯಲ್ಲಿ ಏನಿದೆ ಎಂದು ನೋಡಬೇಕು.

ಮಡಕೆಯೊಳಗೆ ಮಡಕೆ

ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಮರಳನ್ನು ನೀರಿನಿಂದ ನೆನೆಸಿ, ಬಾಯಿಗೆ ಒದ್ದೆ ಗೋಣಿ ಮುಚ್ಚುವುದು. ನೀರು ಆವಿಯಾಗುತ್ತಾ ಒಳಗಿನ ಕಾವನ್ನು ಎಳೆದುಕೊಳ್ಳುತ್ತದೆ. ಹೊಸ ತಿಳಿವೇನಲ್ಲ, ನಮ್ಮ ಕುಡಿಯುವ ನೀರಿನ ಮಡಕೆಯೂ ಇದನ್ನೇ ಮಾಡುತ್ತದೆ. 1990ರ ದಶಕದಲ್ಲಿ ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬ ಇದನ್ನು ತಮ್ಮ ನಾಡಿನ ಹಳ್ಳಿಹಳ್ಳಿಗೆ ತಲುಪಿಸಿದರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಅದೇ ತತ್ವದ ಮೇಲೆ ಇಟ್ಟಿಗೆಯ ಎರಡು ಗೋಡೆಗಳ ನಡುವೆ ಒದ್ದೆ ಮರಳು ತುಂಬುವ, ವಿದ್ಯುತ್ ಬೇಡದ ಶೀತಲ ಕೋಣೆಯನ್ನು ರೂಪಿಸಿದರು. ಬೆಳೆಗಾರರಿಗೆ ಅದು ನಿಜವಾಗಿಯೂ ಯೋಚಿಸತಕ್ಕದ್ದು.

ಮನೆಗೆ? ಇದು ಪೂರ್ತಿ ನಿಮ್ಮ ಊರಿನ ಗಾಳಿಯ ಮೇಲೆ ನಿಂತಿದೆ. ಅರಸೀಕೆರೆಯಲ್ಲಿ ತಂಗಿ ಎರಡು ಬೇಸಿಗೆಯಿಂದ ಬಳಸುತ್ತಿದ್ದಾಳೆ. ಎರಡು ಮಡಕೆಗೆ ಅವಳು ಕೊಟ್ಟದ್ದು 450 ರೂಪಾಯಿ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು. ಹೊರಗೆ 35 ಡಿಗ್ರಿ ಇದ್ದಾಗಲೂ ಒಳಗೆ ಕೈ ಹಾಕಿದರೆ ತಣ್ಣಗಿರುತ್ತದೆ. ಕೆಂಪಾಗದೆ ಮೆತ್ತಗಾಗುತ್ತಿದ್ದ ಹಣ್ಣು ಈಗ ಸರಿಯಾಗಿ ಬಣ್ಣ ತಿರುಗುತ್ತಿದೆ. ಅದನ್ನು ಕಂಡು ನಾನು ತವರಿನಲ್ಲೂ ಒಂದು ಜೋಡಿ ಮಾಡಿಸಿದೆ. ಜೂನ್ ಬಂದಕೂಡಲೇ ಅದು ಕೈಕೊಟ್ಟಿತು. ಗಾಳಿಯಲ್ಲಿ ಆಗಲೇ ತೇವ ತುಂಬಿರುವಾಗ ಮರಳಿನ ನೀರು ಆರಲಿಲ್ಲ. ಒಳಗೆ ತಂಪೂ ಆಗಲಿಲ್ಲ, ಬೂಷ್ಟು ಮಾತ್ರ ಬೇಗ ಬಂತು. ಆದ್ದರಿಂದ ಬಯಲುಸೀಮೆಯ ಅಂಚಿನಲ್ಲಿರುವವರು, ಅರಸೀಕೆರೆ, ಕಡೂರು, ಜಾವಗಲ್ ಕಡೆಯವರು, ಫೆಬ್ರುವರಿಯಿಂದ ಮೇ ವರೆಗೆ ಖಂಡಿತ ಬಳಸಿ. ಘಟ್ಟದ ಮಗ್ಗುಲಿನವರು ಹಣ ಹಾಕಬೇಡಿ.

ಫ್ರಿಜ್

ಎಲ್ಲರ ಜಗಳ ಇದರ ಸುತ್ತಲೇ ಇರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಫ್ರಿಜ್‌ನಲ್ಲಿಟ್ಟ ಟೊಮೆಟೊ ಸಪ್ಪೆ ಎನ್ನುವ ದೂರಿಗೆ ಆಧಾರವಿದೆ. 2016ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇತರರೊಡನೆ ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಗಿದ ಹಣ್ಣನ್ನು 5 ಡಿಗ್ರಿಯಲ್ಲಿ 7 ದಿನ ಇಟ್ಟಾಗ ಪರಿಮಳ ಕೊಡುವ ಅಂಶಗಳು ಎದ್ದುಕಾಣುವಷ್ಟು ಇಳಿದಿದ್ದವು. ಒಂದು ದಿನ ಹೊರಗಿಟ್ಟರೂ ಪೂರ್ತಿ ಮರಳಲಿಲ್ಲ. ಸಕ್ಕರೆ, ಹುಳಿ ಮಾತ್ರ ಹೆಚ್ಚು ಬದಲಾಗಿರಲಿಲ್ಲ. ಅಂದರೆ ನಾಲಿಗೆಗೆ ಹುಳಿ–ಸಿಹಿ ಸಿಗುತ್ತದೆ, ಮೂಗಿಗೆ ಸಿಗಬೇಕಾದದ್ದು ಸಿಗುವುದಿಲ್ಲ. ಇದನ್ನು ಓದಿದವರು ಫ್ರಿಜ್ ಎಂದರೆ ಬೆಚ್ಚುತ್ತಾರೆ. ಆದರೆ 2020ರಲ್ಲಿ ಜರ್ಮನಿಯ ಗ್ಯೊಟಿಂಗೆನ್ ವಿಶ್ವವಿದ್ಯಾಲಯದವರು ಮಾಗಿದ ಹಣ್ಣನ್ನು 4 ದಿನ ಮಾತ್ರ, 7 ಡಿಗ್ರಿಯಲ್ಲೂ 20 ಡಿಗ್ರಿಯಲ್ಲೂ ಇಟ್ಟು ರುಚಿ ನೋಡಿಸಿದಾಗ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ತಳಿಯಿಂದ ತಳಿಗೆ ಇದ್ದ ವ್ಯತ್ಯಾಸವೇ ದೊಡ್ಡದಾಗಿತ್ತು. ಎರಡನ್ನೂ ಜೊತೆಗಿಟ್ಟು ನೋಡಿದರೆ ಮನೆಗೆ ಬೇಕಾದ ತೀರ್ಮಾನ ಸಿಗುತ್ತದೆ: ಪೂರ್ತಿ ಮಾಗಿದ ಹಣ್ಣು, ಮೂರು ನಾಲ್ಕು ದಿನ, ತುಂಬ ಕೊರೆಯದ ಜಾಗ. ಇಷ್ಟಕ್ಕೆ ಫ್ರಿಜ್ ಒಳ್ಳೆಯ ಸೇವಕ. ವಾರಗಟ್ಟಲೆ ಇಟ್ಟರೆ ಪರಿಮಳ ಹೋಗುತ್ತದೆ.

ಕೊರೆಯದ ಜಾಗ ಯಾವುದು? ಹೆಚ್ಚಿನ ಫ್ರಿಜ್‌ಗಳಲ್ಲಿ ಬಾಗಿಲಿನ ಮೇಲಿನ ಅರೆ ಒಳಗಿನ ಹಿಂಬದಿಗಿಂತ ಬೆಚ್ಚಗಿರುತ್ತದೆ. ನಾಲ್ಕೈದು ಹಣ್ಣು ಅಲ್ಲಿ ಹಿಡಿಯುತ್ತದೆ. ಹಿಂದಿನ ಗೋಡೆಗೆ ಒತ್ತಿಡಬೇಡಿ, ಅಲ್ಲಿ ನೀರುಗಟ್ಟಿದಂತಾಗುತ್ತದೆ. ಉಳಿದದ್ದನ್ನು ತರಕಾರಿ ಡಬ್ಬದಲ್ಲಿ, ತಳಕ್ಕೆ ಒಣ ಬಟ್ಟೆ ಹಾಸಿ, ಕವರಿಲ್ಲದೆ. ಬಳಸುವ ಒಂದೆರಡು ಗಂಟೆ ಮೊದಲು ಹೊರಗೆ ತೆಗೆಯಿರಿ. ಆಗಸ್ಟ್‌ನ ಆ ಪರೀಕ್ಷೆಯಲ್ಲಿ ಫ್ರಿಜ್‌ನ ಒಂದು ಹಣ್ಣನ್ನು ತೆಗೆದ ತಕ್ಷಣ ಹೆಚ್ಚಿದೆ, ಇನ್ನೊಂದನ್ನು ಹೊರಗಿಟ್ಟು ಊಟದ ಹೊತ್ತಿಗೆ ಹೆಚ್ಚಿದೆ. ಮೊದಲನೆಯದು ಚಾಕುವಿನ ಅಡಿಯಲ್ಲಿ ಕೊರಕೊರ ಎಂದಿತು, ಹತ್ತಿರ ಮೂಗು ಒಯ್ದರೂ ವಾಸನೆ ಇಲ್ಲ. ಎರಡನೆಯದನ್ನು ಸೀಳಿದಾಗ ಬೀಜದ ಸುತ್ತಲ ಲೋಳೆ ಹೊಳೆಯಿತು. ಬಿಸಿಲಲ್ಲಿ ಗಿಡದ ಎಲೆ ಉಜ್ಜಿದಾಗ ಬರುವಂಥ ಘಮ ತೆಳುವಾಗಿ ಬಂತು. ಬುಟ್ಟಿಯಲ್ಲಿದ್ದ ಹಣ್ಣಿನಷ್ಟು ಬರಲಿಲ್ಲ, ಆದರೂ ಕೋಸಂಬರಿಗೆ ನಾಚಿಕೆಯಿಲ್ಲದೆ ಹಾಕಬಹುದಾಗಿತ್ತು. ಸಾರಿಗಾದರೆ ಈ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಒಗ್ಗರಣೆ, ಸಾರಿನಪುಡಿ ಎಲ್ಲವೂ ಸೇರಿದ ಮೇಲೆ ಅದನ್ನು ಹುಡುಕುವುದೂ ಬೇಡ.

ಹೆಚ್ಚಿದ ಟೊಮೆಟೊಗೆ ಮಾತ್ರ ಚರ್ಚೆಯೇ ಇಲ್ಲ. ಮುಚ್ಚಳದ ಡಬ್ಬದಲ್ಲಿ ಫ್ರಿಜ್‌ಗೇ ಹೋಗಬೇಕು, ಎರಡು ದಿನದೊಳಗೆ ಮುಗಿಯಬೇಕು.

ತೊಳೆಯುವುದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ತಂದ ಕೂಡಲೇ ತೊಳೆದಿಡುವುದು ಶುಚಿಯೆನಿಸುತ್ತದೆ, ಆದರೆ ಗುಳಿಯಲ್ಲಿ ನಿಂತ ಒಂದು ಹನಿ ನೀರು ಸಾಕು ಕೊಳೆಯಲು. ಬಿಸಿಲಲ್ಲಿ ಬಂದ ಬೆಚ್ಚಗಿನ ಹಣ್ಣನ್ನು ತಣ್ಣೀರಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಕುಗ್ಗಿ ಗುಳಿಯ ಮೂಲಕ ನೀರನ್ನೇ, ಅದರೊಂದಿಗೆ ಕೊಳೆಯನ್ನೂ, ಒಳಗೆಳೆದುಕೊಳ್ಳುತ್ತದೆ. ಒಣ ಬಟ್ಟೆಯಲ್ಲಿ ಮಣ್ಣು ಒರೆಸಿ ಇಡಿ, ಹೆಚ್ಚುವ ಮುಂಚೆ ಹರಿಯುವ ನೀರಲ್ಲಿ ಉಜ್ಜಿ ತೊಳೆಯಿರಿ.

ಫ್ರೀಜರ್, ಮತ್ತು ಕರೆಂಟಿನ ಮಾತು

ಬೆಲೆ ಇಳಿದಾಗ ಹತ್ತು ಕೆಜಿ ಕೊಳ್ಳುವ ಆಸೆಯಿದ್ದರೆ ಎರಡು ದಾರಿ: ಫ್ರೀಜರ್ ಅಥವಾ ಒಲೆ.

ಇಡೀ ಹಣ್ಣನ್ನೇ ಗಡ್ಡೆಗಟ್ಟಿಸಬಹುದು. ತೊಳೆದು, ಚೆನ್ನಾಗಿ ಒರೆಸಿ, ತೊಟ್ಟಿನ ಗಟ್ಟಿ ಭಾಗ ಕೆತ್ತಿ ತೆಗೆದು, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಗಟ್ಟಿಯಾದ ಮೇಲೆ ಕವರಿಗೆ ತುಂಬಬೇಕು. ಬೇಕಾದಾಗ ನಲ್ಲಿ ನೀರಿನಡಿ ಹಿಡಿದರೆ ಸಿಪ್ಪೆ ತಾನಾಗಿ ಜಾರುತ್ತದೆ. ಆದರೆ ಟೊಮೆಟೊ ನೂರಕ್ಕೆ 94–95 ಪಾಲು ನೀರು. ಆ ನೀರು ಹೆಪ್ಪುಗಟ್ಟಿ ಹಿಗ್ಗುವಾಗ ಒಳಗಿನ ಕೋಶಗಳು ಹರಿಯುತ್ತವೆ. ಕರಗಿದ ಮೇಲೆ ಅದು ಮುದ್ದೆ. ಸಾರು, ಗೊಜ್ಜು, ಬಾತ್‌ಗೆ ಧಾರಾಳವಾಗಿ ಸಲ್ಲುತ್ತದೆ, ಹಸಿಯಾಗಿ ತಿನ್ನಲು ಬಾರದು. ಒಂಟಿ ಬಾಗಿಲಿನ ಫ್ರಿಜ್‌ನ ಪುಟ್ಟ ಮಂಜಿನ ಗೂಡಿನಲ್ಲಿ ಇಡೀ ಹಣ್ಣಿಗೆ ಜಾಗವಿರದು. ಅಲ್ಲಿ ಬೇಯಿಸಿ, ರುಬ್ಬಿ, ಸೋಸಿ, ಅರ್ಧಕ್ಕೆ ಇಳಿಯುವವರೆಗೆ ಕುದಿಸಿದ ರಸವನ್ನು ಐಸ್ ಟ್ರೇಯಲ್ಲಿ ಗಟ್ಟಿಮಾಡುವುದು ಜಾಣತನ. ಸಾರಿಗೆ ಎರಡು ಮೂರು ಗಡ್ಡೆ ಸಾಕು.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮಲೆನಾಡಿನ ಒಳ ಊರುಗಳಿಗೆ ಕರೆಂಟ್ ಮರಳಲು ಎಷ್ಟೋ ದಿನ ಬೇಕು. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24 ಗಂಟೆ, ಕೆಳಗಿನ ಫ್ರಿಜ್ ಭಾಗ ಸುಮಾರು 4 ಗಂಟೆ ಮಾತ್ರ. ಜುಲೈಯಲ್ಲಿ ಒಮ್ಮೆ ಮೂರು ದಿನ ಕತ್ತಲಾದಾಗ ತವರಿನಲ್ಲಿ ಎಂಟು ಕೆಜಿಯ ರಸ ಕರಗಿ ಹೋಯಿತು. ಅಮ್ಮ ಅದನ್ನು ತಿಪ್ಪೆಗೆ ಸುರಿಯುವಾಗ ಒಂದು ಮಾತೂ ಆಡಲಿಲ್ಲ. ಅಂಥ ಊರಿನಲ್ಲಿರುವವರಿಗೆ ನಾನು ಫ್ರೀಜರ್ ಸೂಚಿಸುವುದಿಲ್ಲ. ಹಾಸನ, ಚಿಕ್ಕಮಗಳೂರು ಪಟ್ಟಣದೊಳಗಿದ್ದರೆ ಅಡ್ಡಿಯಿಲ್ಲ.

ಒಲೆಯ ದಾರಿ, ಬಿಸಿಲಿನ ದಾರಿ

ಕರೆಂಟ್ ನಂಬದವರಿಗೆ ತೊಕ್ಕು. ಒಂದು ಕೆಜಿ ಹಣ್ಣಿಗೆ ನಿಂಬೆ ಗಾತ್ರದ ಹುಣಸೆಹಣ್ಣು, ಉಪ್ಪು, ಮೆಣಸಿನಪುಡಿ, ಹುರಿದ ಮೆಂತ್ಯ–ಸಾಸಿವೆಯ ಪುಡಿ, ಧಾರಾಳ ಎಣ್ಣೆ. ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಕೈಬಿಡದೆ ಕೆದಕಬೇಕು. ನೀರಿನಂಶ ಹೋಗದೆ ಇಳಿಸಿದರೆ ಬೂಷ್ಟು ತಪ್ಪದು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಅದು ಕರಗುತ್ತದೆ. ಗಾಜಿನ ಭರಣಿ, ಒಣ ಚಮಚ. ಹೊರಗೆ ಕೆಲವು ವಾರ, ಫ್ರಿಜ್‌ನಲ್ಲಿ ಎರಡು ಮೂರು ತಿಂಗಳು ನಮ್ಮ ಮನೆಯಲ್ಲಿ ಬಂದಿದೆ. ಶ್ರಮ ಹೆಚ್ಚು, ಗ್ಯಾಸೂ ಉರಿಯುತ್ತದೆ. ಟೊಮೆಟೊ ಕೆಜಿಗೆ 40 ದಾಟಿದಾಗ ಇದಕ್ಕೆ ಕೈ ಹಾಕಬೇಡಿ.

ಬರೀ ಟೊಮೆಟೊ ರಸವನ್ನು ಬಾಟಲಿಯಲ್ಲಿ ಕುದಿಸಿ ಗಾಳಿಯಾಡದಂತೆ ಮುಚ್ಚಿ ಹೊರಗಿಡುವ ವಿಧಾನಕ್ಕೆ ಬಹಳ ಎಚ್ಚರ ಬೇಕು. ಮಾರಕ ವಿಷ ಉಂಟುಮಾಡುವ ಬೊಟುಲಿನಂ ಬ್ಯಾಕ್ಟೀರಿಯಾ ಬೆಳೆಯದಿರಲು ಹುಳಿಯ ಅಳತೆ, ಅಂದರೆ ಪಿಎಚ್, 4.6ಕ್ಕಿಂತ ಕಡಿಮೆ ಇರಬೇಕು; ಹುಳಿ ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ. ಟೊಮೆಟೊ ಆ ಗೆರೆಯ ಮೇಲೆಯೇ ನಿಲ್ಲುವ ಹಣ್ಣು. ಕೆಲವು ತಳಿ, ಕಳಿತ ಹಣ್ಣು ಗೆರೆ ದಾಟುತ್ತವೆ. ಮೇಲಾಗಿ ನಮ್ಮ ಎತ್ತರದಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ, ಸುಮಾರು 97ಕ್ಕೇ, ಕುದಿಯುತ್ತದೆ. ನಂಬಬಹುದಾದ ಪಾಕವಿಧಾನ ಹೇಳಿದ ಅಳತೆಯ ನಿಂಬೆರಸ, ನಮ್ಮ ಎತ್ತರಕ್ಕೆ ತಕ್ಕಂತೆ ಅದು ಹೇಳಿದ್ದಕ್ಕಿಂತ ಹೆಚ್ಚು ಹೊತ್ತಿನ ಕುದಿತ ಎರಡನ್ನೂ ಕಲಿಯದೆ ಮಾಡಬೇಡಿ.

ಒಣಗಿಸುವವರಿಗೆ ಕಾಲ ಚಿಕ್ಕದು. ಜನವರಿ–ಫೆಬ್ರುವರಿಯಲ್ಲಿ ಕಣದಲ್ಲಿ ಕಾಫಿ ಒಣಗುತ್ತಿರುವಾಗ ಒಂದು ಮೂಲೆಯಲ್ಲಿ ಬಟ್ಟೆ ಹಾಸಿ, ಉಪ್ಪು ಸವರಿದ ಹೋಳು ಹರವಿ, ತೆಳು ಬಟ್ಟೆ ಹೊದಿಸಿ ನಾಲ್ಕೈದು ದಿನ. ಸಂಜೆ ಇಬ್ಬನಿಗೆ ಮುನ್ನ ಒಳಗೆ ತರಬೇಕು. ಹತ್ತು ಕೆಜಿಗೆ ಒಂದು ಕೆಜಿಯೂ ಉಳಿಯದು, ಆದರೆ ರುಚಿ ಗಾಢ. ಮಾರ್ಚ್ ದಾಟಿದರೆ ಹೂಮಳೆಯ, ಅಂದರೆ ಕಾಫಿ ಹೂ ಅರಳಿಸುವ ಮಳೆಯ, ಭಯ.

ಹಾಗಾದರೆ ನಿಮಗೆ ಯಾವುದು

ಇಬ್ಬರೇ ಇರುವ ಮನೆ, ಬಾಡಿಗೆ ಕೋಣೆಯ ವಿದ್ಯಾರ್ಥಿಗಳು: ಬುಟ್ಟಿ ಸಾಕು. ವಾರಕ್ಕೆ ಒಂದು ಕೆಜಿ, ಅದರಲ್ಲಿ ಅರ್ಧ ಹಣ್ಣು, ಅರ್ಧ ದೋರೆಗಾಯಿ ಆರಿಸಿ. ಮೊದಲರ್ಧ ಮುಗಿಯುವ ಹೊತ್ತಿಗೆ ಉಳಿದರ್ಧ ತಯಾರಾಗುತ್ತದೆ. ನನಗೆ ಗೊತ್ತಿರುವ ಉಪಾಯಗಳಲ್ಲಿ ಅತ್ಯಂತ ಅಗ್ಗದ್ದು ಇದೇ.

ಐದಾರು ಜನರ ಕುಟುಂಬ ವಾರದ ಸಂತೆಯಲ್ಲಿ ಮೂರು ನಾಲ್ಕು ಕೆಜಿ ತರುತ್ತದೆಂದರೆ ಬುಟ್ಟಿಯೂ ಬೇಕು, ಫ್ರಿಜ್ಜೂ ಬೇಕು. ಎಲ್ಲವನ್ನೂ ಮೊದಲು ಬುಟ್ಟಿಯಲ್ಲಿ ಮಾಗಲು ಬಿಡಿ. ಪೂರ್ತಿ ಕೆಂಪಾಗಿ ಮೆತ್ತಗಾಗುವ ಸೂಚನೆ ಕಂಡದ್ದು ಮಾತ್ರ ಫ್ರಿಜ್‌ಗೆ. ನಮ್ಮ ಮನೆಯ ಪದ್ಧತಿ ಇದು. ಬಯಲು ಕಡೆಯವರು ಬೇಸಿಗೆಯಲ್ಲಿ ಬುಟ್ಟಿಯ ಬದಲು ಮಡಕೆ ಇಟ್ಟುಕೊಳ್ಳಲಿ. ಮಳೆಯ ಸೀಮೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿಮೆ ತರುವುದೇ ದೊಡ್ಡ ಉಳಿತಾಯ. ಏಪ್ರಿಲ್–ಮೇಯಲ್ಲೇ ಒಂದಿಷ್ಟು ತೊಕ್ಕು ಮಾಡಿಟ್ಟುಕೊಂಡರೆ ಆಷಾಢದ ಕಡುಬಿಗೆ ಅದೇ ಜೊತೆ.

ಮದುವೆ, ನಾಮಕರಣ ಮುಗಿದು ಅರ್ಧ ಕ್ರೇಟ್ ಉಳಿದಿದ್ದರೆ ಇಡುವ ಯೋಚನೆ ಬಿಡಿ. ಅಂದೇ ರಾತ್ರಿ ಒಲೆ ಹಚ್ಚಿ, ಇಲ್ಲವೇ ನೆರೆಮನೆಗಳಿಗೆ ಹಂಚಿ.

ಬೂಷ್ಟು ಬಂದ ಹಣ್ಣಿನ ಬಗ್ಗೆ ಒಂದು ಮಾತು ಬಾಕಿಯಿದೆ. ಕೊಳೆತ ಭಾಗ ಕತ್ತರಿಸಿ ಉಳಿದದ್ದನ್ನು ಬಳಸುವ ರೂಢಿ ಬಿಡಬೇಕು. ಟೊಮೆಟೊದಂಥ ಮೆತ್ತನೆಯ ಹಣ್ಣಿನಲ್ಲಿ ಬೂಷ್ಟಿನ ಎಳೆ ಕಣ್ಣಿಗೆ ಕಾಣದೆ ಒಳಗೆ ಹರಡಿರುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ, ಅದರ ಪಕ್ಕದಲ್ಲಿದ್ದವನ್ನು ಒರೆಸಿ ಬೇರೆ ಇಡಿ.

ಈಗ ಚೀಲವನ್ನು ಸುರಿಯಿರಿ. ಬಿರಿದದ್ದು, ಒತ್ತು ಬಿದ್ದದ್ದು ಒಂದು ಕಡೆ, ಅದು ಈ ರಾತ್ರಿಯ ಸಾರಿಗೆ. ಕೆಂಪಗೆ ಗಟ್ಟಿಯಿರುವುದನ್ನು ತಲೆಕೆಳಗಾಗಿ ಬುಟ್ಟಿಗೆ, ಹಸಿರನ್ನು ಬಾಳೆಗೊನೆಯ ಕೆಳಗೆ. ನಾಳೆ ಬೆಳಿಗ್ಗೆ ಕಾಫಿಗೆ ನೀರಿಟ್ಟು, ಅದು ಕುದಿಯುವ ಹೊತ್ತಿಗೆ ಬುಟ್ಟಿಯಲ್ಲಿ ಒಮ್ಮೆ ಕೈಯಾಡಿಸಿ.